ಲಿನಕ್ಸ್ ಗಣಕಗಳಿಗೆ ವಿಸ್ತರಣಾ ಕಾರ್ಡ್‌ಗಳ ಖರೀದಿ: ಆದೇಶಪತ್ರಕ್ಕೆ ಮೊದಲು ಗಮನಿಸಬೇಕಾದ ಅಂಶಗಳು

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ನಿಗದಿತ ಪೀಳಿಗೆಯ ಪ್ರೊಸೆಸರನ್ನೂ ಅಪೇಕ್ಷಿಸುವುದರಿಂದ, ಇನ್ನೂ ಹಲವು ವರ್ಷ ದುಡಿಯಬಲ್ಲ ಗಣಕಯಂತ್ರಗಳು ಅದಕ್ಕೆ ಅನರ್ಹವಾಗಿವೆ. ಇವುಗಳನ್ನು ಮೂಲೆಗೆ ತಳ್ಳುವ ಬದಲು ಉಬುಂಟು, ಡೆಬಿಯನ್ ಮೊದಲಾದ ಲಿನಕ್ಸ್ ಆವೃತ್ತಿಗಳನ್ನು ಅಳವಡಿಸಿಕೊಳ್ಳುವ ಆಲೋಚನೆ ಸಣ್ಣ ಉದ್ದಿಮೆಗಳಲ್ಲಿ ಮೂಡುವುದು ಸಹಜ. ಪರವಾನಗಿ ಶುಲ್ಕವಿಲ್ಲವೆಂಬುದು ಇದರ ಮೊದಲ ಆಕರ್ಷಣೆ. ಆದರೆ ಈ ಉಳಿತಾಯದ ಲೆಕ್ಕವು ವಿಸ್ತರಣಾ ಕಾರ್ಡ್ ಎಂಬ ಒಂದು ಸಣ್ಣ ಬಿಡಿಭಾಗದ ಖರೀದಿಯಲ್ಲಿ ತಲೆಕೆಳಗಾಗುವ ಸಂಭವವುಂಟು.

ಕಾರ್ಡ್ ಏಕೆ ಬೇಕಾಗುತ್ತದೆ?

ವೇಬ್ರಿಡ್ಜ್ ಹಾಗೂ ವಿದ್ಯುನ್ಮಾನ ತಕ್ಕಡಿಗಳ ಸೂಚಕಗಳು ಅನೇಕ ಕಡೆ ಇಂದಿಗೂ ಆರ್‌ಎಸ್-232 ಸೀರಿಯಲ್ ಪೋರ್ಟ್ ಮೂಲಕವೇ ತೂಕವನ್ನು ಗಣಕಕ್ಕೆ ತಿಳಿಸುತ್ತವೆ. ಬಹುಪ್ರತಿ ಬಿಲ್ಲು ಮುದ್ರಿಸುವ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳಿಗೆ ಪ್ಯಾರಲಲ್ ಪೋರ್ಟ್ ಬೇಕು. ಇತ್ತೀಚಿನ ಮದರ್‌ಬೋರ್ಡ್‌ಗಳಲ್ಲಿ ಇವೆರಡೂ ವಿರಳವಾದುದರಿಂದ ಕಾರ್ಡ್ ಸೇರಿಸುವುದು ಅನಿವಾರ್ಯವಾಗುತ್ತದೆ. ಎರಡನೆಯ ನೆಟ್‌ವರ್ಕ್ ಸಂಪರ್ಕ, ವೈ-ಫೈ, ಹೆಚ್ಚುವರಿ ಮಾನಿಟರ್ ಇವುಗಳಿಗೂ ಕಾರ್ಡ್‌ಗಳನ್ನೇ ಅವಲಂಬಿಸಬೇಕು.

ಚಿಪ್ ಮುಖ್ಯ, ಮುದ್ರೆ ಗೌಣ

ಕಾರ್ಡ್ ಕೆಲಸ ಮಾಡಬೇಕಾದರೆ ಅದರ ಡ್ರೈವರ್ ಅಥವಾ ಚಾಲಕ ತಂತ್ರಾಂಶ ಅಗತ್ಯ. ವಿಂಡೋಸ್‌ಗೆ ಡ್ರೈವರನ್ನು ಸಾಮಾನ್ಯವಾಗಿ ಕಾರ್ಡ್‌ನ ತಯಾರಕರೇ ಒದಗಿಸುತ್ತಾರೆ. ಲಿನಕ್ಸ್‌ನಲ್ಲಾದರೋ ಬಹುಪಾಲು ಡ್ರೈವರ್‌ಗಳು ಕರ್ನಲ್ ಎಂಬ ತಿರುಳಿನಲ್ಲಿಯೇ ಅಡಕವಾಗಿರುತ್ತವೆ. ಅವು ಗುರುತಿಸುವುದು ಕಾರ್ಡ್‌ನ ಮೇಲಿರುವ ಚಿಪ್ ಅನ್ನೇ ಹೊರತು ಪೆಟ್ಟಿಗೆಯ ಮೇಲಿನ ಹೆಸರನ್ನಲ್ಲ. ಒಂದೇ ಹೆಸರಿನ, ಒಂದೇ ಮಾದರಿ ಸಂಖ್ಯೆಯ ಕಾರ್ಡ್‌ನ ಮೊದಲ ಹಾಗೂ ಎರಡನೆಯ ಪರಿಷ್ಕರಣೆಗಳಲ್ಲಿ ಬೇರೆ ಬೇರೆ ಕಂಪನಿಗಳ ಚಿಪ್‌ಗಳಿರುವುದು ಈ ವ್ಯಾಪಾರದಲ್ಲಿ ಅಪರೂಪವಲ್ಲ. ಮೊದಲನೆಯದು ಸರಾಗವಾಗಿ ನಡೆದು, ಎರಡನೆಯದು ನಿಷ್ಪ್ರಯೋಜಕವಾಗಬಹುದು.

ಚಿಪ್‌ನ ಗುರುತು ಪತ್ತೆ ಮಾಡುವುದು ಕಠಿಣವಲ್ಲ. ಪ್ರತಿಯೊಂದು ಪಿಸಿಐ ಸಾಧನಕ್ಕೂ ಎರಡು ಸಂಕೇತಗಳಿವೆ. ತಲಾ ನಾಲ್ಕು ಅಂಕಿ-ಅಕ್ಷರಗಳ ಈ ಸಂಕೇತಗಳಲ್ಲಿ ಮೊದಲನೆಯದು ಚಿಪ್ ತಯಾರಕರನ್ನು, ಎರಡನೆಯದು ಸಾಧನವನ್ನು ಸೂಚಿಸುತ್ತದೆ. ಇಂಟೆಲ್‌ನ ಸಂಕೇತ 8086, ರಿಯಲ್‌ಟೆಕ್‌ನದು 10ಇಸಿ, ಎನ್‌ವಿಡಿಯಾದ್ದು 10ಡಿಇ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಯನ್ನು ‘-ಎನ್‌ಎನ್‌ಕೆ’ ಎಂಬ ಸೂಚನೆಯೊಡನೆ ನೀಡಿದರೆ ಈ ಸಂಕೇತಗಳೂ, ಆ ಕಾರ್ಡನ್ನು ನಡೆಸುತ್ತಿರುವ ಡ್ರೈವರ್‌ನ ಹೆಸರೂ ತೆರೆಯ ಮೇಲೆ ಕಾಣುತ್ತವೆ. ಡ್ರೈವರ್‌ನ ಹೆಸರು ಬಾರದಿದ್ದರೆ ಆ ಕಾರ್ಡ್‌ಗೆ ಅಲ್ಲಿ ಚಾಲಕನಿಲ್ಲವೆಂದೇ ತಿಳಿಯಬೇಕು. ಲಿನಕ್ಸ್ ತುಂಬಿದ ಪೆನ್ ಡ್ರೈವ್‌ನಿಂದ ಗಣಕವನ್ನು ಆರಂಭಿಸಿ, ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಈ ಪರೀಕ್ಷೆ ನಡೆಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಾಗಲಿ, ಜಿಲ್ಲಾ ಕೇಂದ್ರದ ಮಾರಾಟಗಾರರಲ್ಲಾಗಲಿ, ಹಣ ಪಾವತಿಸುವ ಮೊದಲು ಇಂತಹ ಪರೀಕ್ಷೆಗೆ ಅವಕಾಶ ಕೇಳುವುದು ಸೂಕ್ತ.

‘ಲಿನಕ್ಸ್‌ಗೆ ಹೊಂದುತ್ತದೆ’ ಎಂಬ ಬರಹದ ಅರ್ಥ

ಪೆಟ್ಟಿಗೆಯ ಮೇಲಿನ ಈ ಬರಹಕ್ಕೆ ಎರಡು ಅರ್ಥಗಳಿರಬಹುದು. ಡ್ರೈವರ್ ಕರ್ನಲ್‌ನಲ್ಲಿಯೇ ಇದ್ದರೆ ಮುಂದಿನ ಪರಿಷ್ಕರಣೆಗಳಲ್ಲಿಯೂ ಅದು ಸಾಮಾನ್ಯವಾಗಿ ಮುಂದುವರಿಯುತ್ತದೆ. ತಯಾರಕರು ಪ್ರತ್ಯೇಕವಾಗಿ ನೀಡುವ ಡ್ರೈವರಾದರೆ, ಕರ್ನಲ್ ಬದಲಾದಾಗಲೆಲ್ಲ ಅದನ್ನು ಮರುಜೋಡಣೆ ಮಾಡಬೇಕಾದೀತು. 2.6 ಎಂದು ಮುದ್ರಿತವಾದ ಪೆಟ್ಟಿಗೆ ಸಿಕ್ಕಲ್ಲಿ ಎಚ್ಚರ ಅಗತ್ಯ. ಆ ಸರಣಿಯು 2011ರಲ್ಲಿ 3.0 ಹೊರಬಂದೊಡನೆ ಮುಗಿದುಹೋಯಿತು. ಮತ್ತೊಂದೆಡೆ, ಮಾರುಕಟ್ಟೆಗೆ ನಿನ್ನೆ ಬಂದ ಚಿಪ್‌ಗೆ ಸ್ಥಿರ ಆವೃತ್ತಿಗಳ ಕರ್ನಲ್‌ನಲ್ಲಿ ಡ್ರೈವರ್ ಇಲ್ಲದಿರಬಹುದು. ಆದುದರಿಂದ ಕಚೇರಿ ಬಳಕೆಗೆ ಎರಡು-ಮೂರು ವರ್ಷ ಹಳೆಯ ಚಿಪ್ ಹೆಚ್ಚು ಸುರಕ್ಷಿತ.

ತಯಾರಕರ ಧೋರಣೆಯೂ ಕಾಲಕ್ರಮೇಣ ಬದಲಾಗಿದೆ. ಎಎಂಡಿ 2007ರಲ್ಲಿ ತನ್ನ ಗ್ರಾಫಿಕ್ಸ್ ಚಿಪ್‌ಗಳ ತಾಂತ್ರಿಕ ವಿವರಗಳನ್ನು ಬಹಿರಂಗಪಡಿಸುವ ನಿರ್ಧಾರ ಪ್ರಕಟಿಸಿತು. ಬ್ರಾಡ್‌ಕಾಮ್ 2010ರಲ್ಲಿ ತನ್ನ ಕೆಲವು ವೈ-ಫೈ ಚಿಪ್‌ಗಳಿಗೆ ಮುಕ್ತ ಡ್ರೈವರ್ ನೀಡಿತು. 2012ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರಿಂದ ಬಹಿರಂಗ ಖಂಡನೆಗೆ ಗುರಿಯಾದ ಎನ್‌ವಿಡಿಯಾ ಕೂಡ 2022ರಲ್ಲಿ ತನ್ನ ಡ್ರೈವರ್‌ನ ಕರ್ನಲ್ ಭಾಗವನ್ನು ಮುಕ್ತಗೊಳಿಸಿತು. ಆದರೆ ಅದು ಟ್ಯೂರಿಂಗ್ ಮತ್ತು ನಂತರದ ಪೀಳಿಗೆಯ ಚಿಪ್‌ಗಳಿಗಷ್ಟೇ ಅನ್ವಯ. ವೈ-ಫೈ ಕಾರ್ಡ್‌ಗಳಿಗೆ ಡ್ರೈವರಿನ ಜೊತೆಗೆ ಫರ್ಮ್‌ವೇರ್ ಎಂಬ ಕಡತವೂ ಬೇಕಾಗುತ್ತದೆ. ಡೆಬಿಯನ್ 2023ರ ತನ್ನ 12ನೇ ಆವೃತ್ತಿಯಿಂದ ಇದನ್ನು ಅನುಸ್ಥಾಪನಾ ಡಿಸ್ಕಿನಲ್ಲಿಯೇ ನೀಡುತ್ತಿರುವುದು ಬಳಕೆದಾರರಿಗೆ ಅನುಕೂಲವಾಗಿದೆ.

ಆಯ್ಕೆಗೆ ಕೆಲವು ಸೂಚನೆಗಳು

ತಂತಿ ಸಂಪರ್ಕದ ನೆಟ್‌ವರ್ಕ್ ಕಾರ್ಡ್‌ಗಳಲ್ಲಿ ಇಂಟೆಲ್ ಮತ್ತು ರಿಯಲ್‌ಟೆಕ್ ಚಿಪ್‌ಗಳ ಬಹುತೇಕ ಸಾಮಾನ್ಯ ಮಾದರಿಗಳಿಗೆ ಕರ್ನಲ್‌ನಲ್ಲಿಯೇ ಡ್ರೈವರ್ ಇದೆ. ಸೀರಿಯಲ್ ಕಾರ್ಡ್‌ಗಳಲ್ಲಿ ಆಕ್ಸ್‌ಫರ್ಡ್ ಸೆಮಿಕಂಡಕ್ಟರ್‌ನ ಹಾಗೂ ಡಬ್ಲ್ಯುಸಿಎಚ್‌ನ ಹಲವು ಚಿಪ್‌ಗಳಿಗೆ ಬೆಂಬಲವಿದೆ. ಖರೀದಿಗೆ ಮುನ್ನ ಗಣಕದಲ್ಲಿರುವುದು ಹಳೆಯ ಪಿಸಿಐ ಕಿಂಡಿಯೋ ಪಿಸಿಐ ಎಕ್ಸ್‌ಪ್ರೆಸ್ ಕಿಂಡಿಯೋ, ಕ್ಯಾಬಿನೆಟ್ ಪೂರ್ಣ ಎತ್ತರದ್ದೋ ಕಿರಿದೋ ಎಂಬುದನ್ನೂ ನೋಡಬೇಕು; ಒಂದರ ಕಾರ್ಡ್ ಇನ್ನೊಂದಕ್ಕೆ ಕೂರದು. ಒಂದೇ ತಕ್ಕಡಿಯನ್ನು ಜೋಡಿಸುವುದಷ್ಟೇ ಅಗತ್ಯವಾದರೆ ಯುಎಸ್‌ಬಿ-ಸೀರಿಯಲ್ ಪರಿವರ್ತಕವೇ ಸಾಕಾಗಬಹುದು. ಎಲ್ಲಕ್ಕಿಂತ ಮೊದಲು, ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶವು ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಕಾನೂನು ಮತ್ತು ತೆರಿಗೆಯ ದೃಷ್ಟಿ

ಹೊಂದದ ಕಾರ್ಡನ್ನು ಮಾರಾಟಗಾರರು ಹಿಂಪಡೆಯಲೇಬೇಕೆ? 1930ರ ಸರಕು ಮಾರಾಟ ಅಧಿನಿಯಮದ 16ನೇ ಪ್ರಕರಣವು ಇಲ್ಲಿ ಮುಖ್ಯ. ಖರೀದಿದಾರನು ತನ್ನ ನಿರ್ದಿಷ್ಟ ಉದ್ದೇಶವನ್ನು ತಿಳಿಸಿ, ಮಾರಾಟಗಾರನ ಪರಿಣತಿಯನ್ನು ನಂಬಿ, ಅವನು ಸಾಮಾನ್ಯವಾಗಿ ಮಾರುವ ಸರಕನ್ನೇ ಕೊಂಡಲ್ಲಿ, ಆ ಸರಕು ಉದ್ದೇಶಕ್ಕೆ ಯೋಗ್ಯವಾಗಿರಬೇಕೆಂಬ ಷರತ್ತು ತಾನಾಗಿಯೇ ಅಡಕವಾಗುತ್ತದೆ. ಆದರೆ ನಿರ್ದಿಷ್ಟ ವಸ್ತುವನ್ನು ಅದರ ವ್ಯಾಪಾರನಾಮದಿಂದಲೇ ಕೊಂಡಾಗ ಆ ಷರತ್ತು ಇರುವುದಿಲ್ಲವೆಂದು ಅದೇ ಪ್ರಕರಣದ ಪರಂತುಕ ಹೇಳುತ್ತದೆ. ಅಂದರೆ, ಕೇವಲ ಕಂಪನಿಯ ಹೆಸರು ಮತ್ತು ಮಾದರಿ ಸಂಖ್ಯೆ ಬರೆದು ಆದೇಶ ನೀಡುವ ವರ್ತಕನು ತನ್ನ ರಕ್ಷಣೆಯನ್ನು ತಾನೇ ದುರ್ಬಲಗೊಳಿಸಿಕೊಳ್ಳುತ್ತಾನೆ.

ತೆರಿಗೆಯ ಲೆಕ್ಕವೂ ಇದಕ್ಕೆ ಸೇರುತ್ತದೆ. ನಿಷ್ಪ್ರಯೋಜಕವಾದ ಕಾರ್ಡನ್ನು ಪುಸ್ತಕಗಳಲ್ಲಿ ವಜಾ ಮಾಡಿದರೆ, ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 17(5)ನೇ ಪ್ರಕರಣದ (ಎಚ್) ಖಂಡದಂತೆ ಅದರ ಮೇಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಬಿಲ್ಲಿಲ್ಲದೆ ಅಗ್ಗವಾಗಿ ಕೊಂಡ ಕಾರ್ಡ್‌ಗಾದರೆ ಕ್ರೆಡಿಟ್ಟೂ ಇಲ್ಲ, ಹಿಂದಿರುಗಿಸಲು ಆಧಾರವೂ ಇಲ್ಲ. ಕಾರ್ಡ್‌ನ ಬೆಲೆ ಅಲ್ಪವೇ ಆದರೂ, ಹಂಗಾಮಿನ ದಿನ ವೇಬ್ರಿಡ್ಜ್ ಮುಂದೆ ಲಾರಿಗಳು ಸಾಲುಗಟ್ಟಿ ನಿಂತಾಗ ಆಗುವ ನಷ್ಟ ಅಲ್ಪವಲ್ಲ.

ಆದ್ದರಿಂದ ಆದೇಶಪತ್ರದಲ್ಲಿ ಮಾದರಿ ಸಂಖ್ಯೆಯೊಡನೆ ಚಿಪ್‌ನ ಹೆಸರು, ಪರಿಷ್ಕರಣೆ ಸಂಖ್ಯೆ ಮತ್ತು ಬಳಕೆಯ ಉದ್ದೇಶವನ್ನು ನಮೂದಿಸುವ ಪದ್ಧತಿ ರೂಢಿಸಿಕೊಳ್ಳುವುದು ಉಚಿತ. ‘ಡೆಬಿಯನ್ 13 ಅಳವಡಿಸಿದ ಗಣಕದಲ್ಲಿ ತೂಕದ ಸೂಚಕವನ್ನು ಜೋಡಿಸಲು ಈ ಕಾರ್ಡನ್ನು ಕೊಳ್ಳಲಾಗುತ್ತಿದೆ, ಕರ್ನಲ್‌ನಲ್ಲಿ ಅಡಕವಾದ ಡ್ರೈವರಿನಿಂದ ಇದು ಕೆಲಸ ಮಾಡದಿದ್ದಲ್ಲಿ ಏಳು ದಿನಗಳೊಳಗೆ ಹಿಂದಿರುಗಿಸಲಾಗುವುದು’ ಎಂಬ ಎರಡು ಸಾಲುಗಳು ಸಾಕು. ಇದನ್ನು ಒಪ್ಪಿ ಸಹಿ ಹಾಕುವ ಮಾರಾಟಗಾರರಲ್ಲಿ, ಮೊದಲು ಒಂದೇ ಕಾರ್ಡ್ ಕೊಂಡು ಒಂದು ವಾರ ನಡೆಸಿ ನೋಡಿ, ಬಳಿಕ ಉಳಿದ ಗಣಕಗಳಿಗೆ ಆದೇಶ ನೀಡುವುದು ಕ್ಷೇಮಕರ.