ಬನ್ನಂಜೆಯಲ್ಲಿ ಬಸ್ಸಿಳಿಯುವ ಮತ

2009ರಲ್ಲಿ ಉಡುಪಿ–ಚಿಕ್ಕಮಗಳೂರು ಎಂಬ ಹೊಸ ಲೋಕಸಭಾ ಕ್ಷೇತ್ರ ತನ್ನ ಮೊದಲ ಚುನಾವಣೆಯನ್ನು ಕಂಡಿತು. ಬಿಜೆಪಿಯ ಡಿ.ವಿ. ಸದಾನಂದ ಗೌಡರು ಕಾಂಗ್ರೆಸ್ಸಿನ ಕೆ. ಜಯಪ್ರಕಾಶ್ ಹೆಗ್ಡೆಯವರನ್ನು ಸೋಲಿಸಿದ್ದು ಸುಮಾರು 27 ಸಾವಿರ ಮತಗಳಿಂದ. ಗೌಡರು ಮುಖ್ಯಮಂತ್ರಿಯಾಗಿ ಹೋದ ಮೇಲೆ 2012ರಲ್ಲಿ ಉಪಚುನಾವಣೆ ನಡೆಯಿತು. ಈ ಸಲ ಅದೇ ಹೆಗ್ಡೆಯವರು ಸುಮಾರು 45 ಸಾವಿರದಿಂದ ಗೆದ್ದರು. ಅಲ್ಲಿಂದ ಮುಂದೆ ಸಾವಿರಗಳ ಲೆಕ್ಕ ಮುಗಿದು ಲಕ್ಷಗಳ ಲೆಕ್ಕ ಶುರುವಾಯಿತು. ಬಿಜೆಪಿಯ ಶೋಭಾ ಕರಂದ್ಲಾಜೆ 2014ರಲ್ಲಿ 1.81 ಲಕ್ಷ, 2019ರಲ್ಲಿ 3.49 ಲಕ್ಷ ಮತಗಳ ಅಂತರದಿಂದ ಗೆದ್ದರೆ, 2024ರಲ್ಲಿ ಅದೇ ಪಕ್ಷದ ಕೋಟ ಶ್ರೀನಿವಾಸ ಪೂಜಾರಿಯವರ ಅಂತರ 2.59 ಲಕ್ಷ.

ಪ್ರತಿ ಚುನಾವಣೆಯಲ್ಲೂ ‘ಯುವ ಮತದಾರರೇ ನಿರ್ಣಾಯಕ’ ಎಂಬ ತಲೆಬರಹ ತಪ್ಪುವುದಿಲ್ಲ. ಅದನ್ನು ಈ ಅಂಕಿಗಳ ಪಕ್ಕ ಇಟ್ಟು ನೋಡಬೇಕು. 2024ರಲ್ಲಿ ದೇಶದ ಮತದಾರರ ಪಟ್ಟಿಯಲ್ಲಿದ್ದ 18–19ರ ವಯಸ್ಸಿನವರು ಸುಮಾರು 1.84 ಕೋಟಿ ಎಂದು ಚುನಾವಣಾ ಆಯೋಗ ಹೇಳಿತ್ತು. 543 ಕ್ಷೇತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಸರಾಸರಿ 34 ಸಾವಿರ. 2009ರಂಥ ಫಲಿತಾಂಶವನ್ನು ಬುಡಮೇಲು ಮಾಡಲು ಇಷ್ಟು ಸಾಕು, ಅದೂ ಹೆಚ್ಚುಕಡಿಮೆ ಎಲ್ಲರೂ ಒಂದೇ ಗುರುತಿನ ಗುಂಡಿ ಒತ್ತಿದರೆ. 2024ರ ಅಂತರದ ಮುಂದೆ ಈ 34 ಸಾವಿರ ಎಂಟನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ.

ಹಾಗಾದರೆ ಯುವಮತದ ಬಲವೆಲ್ಲ ಬರೀ ಮಾತೇ? ಅಲ್ಲ. ಅದು ಬೇರೆ ಕಡೆ ಇದೆ. ಅದೇ ಪಟ್ಟಿಯಲ್ಲಿ 20ರಿಂದ 29ರವರು 19.74 ಕೋಟಿ, ಅಂದರೆ ಕ್ಷೇತ್ರಕ್ಕೆ ಸುಮಾರು 3.6 ಲಕ್ಷ. ಮತದಾರರ ಜಾಗೃತಿಗೆಂದಿರುವ ಸ್ವೀಪ್ ಸಮಿತಿಯ ಜಾಥಾ, ಸೆಲ್ಫಿ ಸ್ಟ್ಯಾಂಡು, ಮೊದಲ ಬಾರಿ ಮತ ಹಾಕುವವರ ಫೋಟೊ, ಎಲ್ಲವೂ ಹದಿನೆಂಟರವರ ಸುತ್ತಲೇ ತಿರುಗುತ್ತವೆ. ಫಲಿತಾಂಶವನ್ನು ಅಲ್ಲಾಡಿಸುವಷ್ಟು ಸಂಖ್ಯೆ ಇರುವುದು ಇಪ್ಪತ್ತೈದರವರಲ್ಲಿ. ಕರಾವಳಿಯ ಮಟ್ಟಿಗೆ ಆ ಇಪ್ಪತ್ತೈದರವರು ಊರಲ್ಲೇ ಸಿಗುವುದು ಕಷ್ಟ.

ಹದಿನೆಂಟಕ್ಕೆ ಮತ ಎಂಬುದು ಭಾರತದಲ್ಲಿ ಅಷ್ಟೇನೂ ಹಳೆಯದಲ್ಲ. ಅಮೆರಿಕ 1971ರಲ್ಲೇ ವಯಸ್ಸಿನ ಮಿತಿ ಇಳಿಸಿತ್ತು. ವಿಯೆಟ್ನಾಂ ಯುದ್ಧಕ್ಕೆ ಹೋಗುವವನಿಗೆ ಮತ ಯಾಕಿಲ್ಲ ಎಂಬ ಪ್ರಶ್ನೆ ಅಲ್ಲಿ ಎದ್ದಿತ್ತು. ಇಲ್ಲಿ ರಾಜೀವ್ ಗಾಂಧಿ ಸರ್ಕಾರ ತಂದ ಸಂವಿಧಾನದ 61ನೇ ತಿದ್ದುಪಡಿ 1989ರ ಮಾರ್ಚ್‌ನಲ್ಲಿ ಜಾರಿಗೆ ಬಂದು, 21 ಇದ್ದದ್ದು 18 ಆಯಿತು. ಆ ವರ್ಷದ ನವೆಂಬರ್‌ನಲ್ಲೇ ಚುನಾವಣೆ. ಹಕ್ಕು ಕೊಟ್ಟವರಿಗೇ ಹೊಸಬರು ಮತ ಹಾಕುತ್ತಾರೆ ಎಂಬ ಆಸೆ ಇದ್ದಿದ್ದರೆ ಅದು ಕೈಗೂಡಲಿಲ್ಲ: ಕಾಂಗ್ರೆಸ್ 197ಕ್ಕೆ ಇಳಿದು ಅಧಿಕಾರ ಕಳೆದುಕೊಂಡಿತು. ಆದರೆ ಕರ್ನಾಟಕದ 28 ಸ್ಥಾನಗಳಲ್ಲಿ 27 ಅದೇ ಕಾಂಗ್ರೆಸ್ಸಿಗೆ ಬಂದವು. ಆಗಿನ ಉಡುಪಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆಸ್ಕರ್ ಫೆರ್ನಾಂಡಿಸ್ ಮೂರನೇ ಸಲ ಗೆದ್ದರು. ಒಂದೇ ಕಾಯಿದೆಯಿಂದ ಒಂದೇ ದಿನ ಹಕ್ಕು ಪಡೆದವರು ರಾಜ್ಯ ರಾಜ್ಯಕ್ಕೆ ಬೇರೆ ಬೇರೆ ದಿಕ್ಕು ಹಿಡಿದರು. ಯುವಮತ ಎಂಬ ಇಡಿಗಂಟು ಇಲ್ಲ ಎಂಬುದು ಮೊದಲ ಚುನಾವಣೆಯಲ್ಲೇ ಗೊತ್ತಾಗಿತ್ತು.

ಬಹಳ ಕಾಲ ಯುವಜನ ಮತಗಟ್ಟೆಗೆ ಬರುವುದೇ ಕಡಿಮೆ ಇತ್ತು. ಲೋಕನೀತಿ–ಸಿಎಸ್‌ಡಿಎಸ್ ಸಮೀಕ್ಷೆಗಳ ಪ್ರಕಾರ 1999ರಿಂದ 2009ರವರೆಗೆ 18–25ರವರ ಮತದಾನ ದೇಶದ ಸರಾಸರಿಗಿಂತ ಹಿಂದಿತ್ತು. 2014ರಲ್ಲಿ ಅದು ಸರಾಸರಿಯನ್ನು ದಾಟಿತು. ಆ ವರ್ಷ ನರೇಂದ್ರ ಮೋದಿಯವರ ಪ್ರಚಾರ ಮೊಬೈಲ್ ಪರದೆಯ ಮೇಲೆ ನಡೆದಷ್ಟು ಹಿಂದೆ ಯಾವ ಲೋಕಸಭಾ ಪ್ರಚಾರವೂ ನಡೆದಿರಲಿಲ್ಲ. 2012ರಲ್ಲಿ ಕಾಂಗ್ರೆಸ್ಸಿಗೆ ಒಲಿದಿದ್ದ ಉಡುಪಿ–ಚಿಕ್ಕಮಗಳೂರು ಎರಡೇ ವರ್ಷದಲ್ಲಿ ಮಗ್ಗುಲು ಬದಲಿಸಿದ್ದು ಈ ಅಲೆಯಲ್ಲೇ. ಎಲ್ಲವೂ ಯುವಕರಿಂದಲೇ ಆಯಿತು ಎನ್ನಲಾಗದು. ಅವರು ಮನೆಯಲ್ಲಿ ಉಳಿಯಲಿಲ್ಲ ಎಂಬುದಂತೂ ನಿಜ.

ಈಗ ಇಪ್ಪತ್ತೈದರವರ ಮಾತು. ಕಾಪು, ಕಾರ್ಕಳ, ಕುಂದಾಪುರದ ಹುಡುಗ ಹುಡುಗಿಯರು ಓದು ಮುಗಿಸಿ ಬೆಂಗಳೂರಿಗೋ ಮುಂಬಯಿಗೋ ಕೊಲ್ಲಿಗೋ ಹೋಗುವುದು ಹೊಸತಲ್ಲ. ಹೋದವರ ಹೆಸರು ಮಾತ್ರ ಊರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಮನೆ ಬದಲಾದಾಗೆಲ್ಲ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ತುಂಬುವ ತಾಳ್ಮೆ ಬಾಡಿಗೆ ಮನೆಯವರಿಗೆ ಎಲ್ಲಿಂದ ಬರಬೇಕು? 2024ರ ಮತದಾನ ಏಪ್ರಿಲ್ 26ರ ಶುಕ್ರವಾರ ಇತ್ತು. ಹಿಂದೆಯೇ ಶನಿವಾರ, ಭಾನುವಾರ. ಊರಲ್ಲಿ ಮದುವೆ, ದೈವದ ನೇಮಗಳ ಕಾಲ. ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿದವರು ಉಡುಪಿಯ ಬನ್ನಂಜೆಯ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ಇಳಿದು, ಮಿಂದು, ತಿಂಡಿ ತಿಂದು ಮತಗಟ್ಟೆಗೆ ಹೋಗಬಹುದು. ಆ ದಿನ ಈ ಕ್ಷೇತ್ರದಲ್ಲಿ ಮತದಾನ ಶೇ. 77ರ ಆಸುಪಾಸು, ಬೆಂಗಳೂರು ನಗರದ ಮೂರು ಕ್ಷೇತ್ರಗಳಲ್ಲಿ ಶೇ. 53–54. ಬೆಂಗಳೂರಿನ ಯುವಕರು ಸೋಮಾರಿಗಳು ಎಂದು ಬೈಯುವವರು ಒಂದನ್ನು ಮರೆಯುತ್ತಾರೆ: ಅಲ್ಲಿರುವ ಎಷ್ಟೋ ಯುವಕರ ಮತ ಅಲ್ಲಿಲ್ಲ. ಟಿಕೆಟ್ಟಿನ ದುಡ್ಡು, ರಜೆ, ಬಸ್ಸಿನ ಸೀಟು ಇವೂ ಮತದಾನದ ಪ್ರಮಾಣವನ್ನು ನಿರ್ಧರಿಸುತ್ತವೆ.

ಕೊಲ್ಲಿಯವರದು ಇನ್ನೂ ಕಷ್ಟ. 2010ರ ತಿದ್ದುಪಡಿಯಿಂದಾಗಿ ಅನಿವಾಸಿ ಭಾರತೀಯರು ನಮೂನೆ 6ಎ ತುಂಬಿ ಊರಿನ ಪಟ್ಟಿಗೆ ಸೇರಬಹುದು. ಆದರೆ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಮತಗಟ್ಟೆಗೇ ಬರಬೇಕು.

ಮಣಿಪಾಲದಲ್ಲಿ ಇದೇ ಕಥೆ ತಿರುಗುಮುರುಗು. ದೇಶದ ಮೂಲೆಮೂಲೆಯಿಂದ ಬಂದ ಸಾವಿರಾರು ವಿದ್ಯಾರ್ಥಿಗಳು ವರ್ಷಗಟ್ಟಲೆ ಇಲ್ಲಿನ ಹಾಸ್ಟೆಲುಗಳಲ್ಲಿರುತ್ತಾರೆ. ಕಾಲೇಜಿನಿಂದ ಪ್ರಮಾಣಪತ್ರ ತಂದರೆ ಹಾಸ್ಟೆಲ್ ವಿಳಾಸದಲ್ಲೇ ಹೆಸರು ನೋಂದಾಯಿಸಲು ನಿಯಮದಲ್ಲಿ ಅವಕಾಶವಿದೆ. ಆದರೆ ನಾಲ್ಕು ವರ್ಷದಲ್ಲಿ ಬಿಟ್ಟುಹೋಗುವ ಊರಿನ ಸಂಸದ ಯಾರಾದರೇನು ಎಂದು ಕೇಳುವವನನ್ನು ತಪ್ಪೆನ್ನುವುದು ಹೇಗೆ?

ಯುವಕರ ಮತ ಉದ್ಯೋಗಕ್ಕೆ ಎಂಬುದು ಇನ್ನೊಂದು ಸಿದ್ಧ ಮಾತು. ಬ್ಯಾಂಕ್ ಕೆಲಸ ಎಂದರೆ ಕರಾವಳಿಗೆ ಎಷ್ಟು ಆಪ್ತ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಗಿದ್ದು 2019ರ ಏಪ್ರಿಲ್ 1ರಂದು. ಇಲ್ಲಿ ಮತದಾನ ನಡೆದಿದ್ದು ಏಪ್ರಿಲ್ 18ರಂದು. ಊರಿನ ಅಸಮಾಧಾನ ಸಭೆ, ಪತ್ರಿಕೆಗಳಲ್ಲಿ ಕಾಣಿಸಿತು. ಆಳುವ ಪಕ್ಷದ ಅಂತರ ಮಾತ್ರ ಇಳಿಯುವ ಬದಲು ದುಪ್ಪಟ್ಟಿನ ಹತ್ತಿರಕ್ಕೆ ಏರಿತು. ಮರುವರ್ಷ ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳೂ ಹೆಸರು ಕಳೆದುಕೊಂಡವು. ಕೆಲಸದ ಚಿಂತೆ ಇದ್ದೇ ಇರುತ್ತದೆ. ಗುಂಡಿ ಒತ್ತುವಾಗ ದೇಶ, ಧರ್ಮ, ನಾಯಕ, ಜಾತಿ ಎಲ್ಲವೂ ಜೊತೆಗೆ ಬಂದು ನಿಲ್ಲುತ್ತವೆ.

ಮತದ ವಯಸ್ಸಿಗೆ ಮುಂಚೆಯೇ ರಾಜಕೀಯ ಬಂದು ಹೆಗಲೇರುವುದೂ ಉಂಟು. 2021ರ ಕೊನೆಗೆ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಎದ್ದ ಹಿಜಾಬ್ ವಿವಾದ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಅಲ್ಲಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹಿಜಾಬ್ ತೊಟ್ಟವರು, ಕೇಸರಿ ಶಾಲು ಹೊದ್ದವರು, ಎರಡೂ ಕಡೆ ಪಿಯುಸಿ ಮಕ್ಕಳಿದ್ದರು. ಅವರಲ್ಲಿ ಬಹುತೇಕರಿಗೆ ಆಗ ಮತವಿರಲಿಲ್ಲ. ಆ ಕಾಲೇಜಿನ ಅಭಿವೃದ್ಧಿ ಸಮಿತಿಯ ಉಪಾಧ್ಯಕ್ಷರಾಗಿದ್ದ ಯಶ್‌ಪಾಲ್ ಸುವರ್ಣ 2023ರಲ್ಲಿ ಉಡುಪಿಯ ಶಾಸಕರಾದರು.

ಯುವಕರಿಂದ ಮತ ಕೇಳುವ ಪಕ್ಷಗಳು ಅವರಿಗೆ ಟಿಕೆಟ್ ಕೊಡುವಾಗ ಕೈ ಬಿಗಿ ಹಿಡಿಯುತ್ತವೆ. 1980ರಲ್ಲಿ ಮೊದಲ ಸಲ ಉಡುಪಿಯಿಂದ ಗೆದ್ದಾಗ ಆಸ್ಕರ್ ಅವರಿಗೆ ನಲವತ್ತು ತುಂಬಿರಲಿಲ್ಲ. 2024ರಲ್ಲಿ ಇಲ್ಲಿನ ಇಬ್ಬರು ಮುಖ್ಯ ಅಭ್ಯರ್ಥಿಗಳೂ ಅರವತ್ತು ದಾಟಿದವರು. ಆಗ ಆಯ್ಕೆಯಾದ ಲೋಕಸಭೆಯ ಸರಾಸರಿ ವಯಸ್ಸು 56. ರಾಜ್ಯದಿಂದ ಆಯ್ಕೆಯಾದ ಇಪ್ಪತ್ತರ ಹರೆಯದ ಇಬ್ಬರು, ಬೀದರಿನ ಸಾಗರ್ ಖಂಡ್ರೆ ಮತ್ತು ಚಿಕ್ಕೋಡಿಯ ಪ್ರಿಯಾಂಕಾ ಜಾರಕಿಹೊಳಿ, ಸಚಿವರ ಮಕ್ಕಳು.

ಹದಿನೆಂಟರವರಲ್ಲೂ ಪಟ್ಟಿಗೆ ಸೇರುವವರು ಅರ್ಧದಷ್ಟಿಲ್ಲ. 2024ರಲ್ಲಿ ದೇಶದ 18–19ರ ವಯಸ್ಸಿನವರಲ್ಲಿ ನೋಂದಾಯಿಸಿಕೊಂಡವರು ಶೇ. 40ಕ್ಕಿಂತ ಕಡಿಮೆ. ಹಿಂದೆ ಜನವರಿ 1 ಒಂದೇ ಅರ್ಹತಾ ದಿನವಾಗಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೇ ತಾರೀಕುಗಳೂ ಸೇರಿವೆ. ಹದಿನೇಳು ತುಂಬಿದವರು ಮುಂಗಡವಾಗಿ ಅರ್ಜಿ ಹಾಕಬಹುದು. ಆದರೂ ತಾರೀಕು ತಾರೀಕೇ. 2006ರ ಏಪ್ರಿಲ್ 2ರಂದು ಹುಟ್ಟಿದವರಿಗೆ 2024ರ ಮತದಾನದ ದಿನ ಹದಿನೆಂಟು ತುಂಬಿದ್ದರೂ ಮತವಿರಲಿಲ್ಲ. ಸದನ ಅವಧಿಗೆ ಮುನ್ನ ವಿಸರ್ಜನೆಯಾಗದಿದ್ದರೆ ಅವರ ಮೊದಲ ಲೋಕಸಭಾ ಮತ 2029ಕ್ಕೆ. ಅಷ್ಟರಲ್ಲಿ ಅವರಿಗೆ ಇಪ್ಪತ್ತಮೂರಾಗಿರುತ್ತದೆ, ಹೆಚ್ಚಿನವರು ಊರು ಬಿಟ್ಟಿರುತ್ತಾರೆ.