ಹೆರಿಗೆಯ ಹೊತ್ತು: ಹೊಸ್ತಿಲು ದಾಟುವ ನಿರ್ಧಾರ

ಬಸುರಿತನವು ರೋಗವಲ್ಲ. ಹೆರಿಗೆಯು ಸೃಷ್ಟಿಯ ಸಹಜ ಕ್ರಿಯೆ. ನಮ್ಮ ಅಜ್ಜಿಯರ ಕಾಲದಲ್ಲಿ ಅದು ಮನೆಯ ಒಳಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ನಡೆಯುತ್ತಿತ್ತು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಪ್ರತಿಫಲವನ್ನು ಬಯಸದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದುದನ್ನು ನಾಡು ಬಲ್ಲದು. ಅಂತಹ ತಾಯಂದಿರ ಕೈಗುಣವನ್ನು ನೆನೆದು ಇಂದಿಗೂ ಕೆಲವು ಮನೆಗಳವರು ‘ನಮ್ಮ ಮಗಳ ಹೆರಿಗೆ ಮನೆಯಲ್ಲಿಯೇ ಆಗಲಿ’ ಎಂದು ಸಂಕಲ್ಪಿಸುವುದುಂಟು. ನಗರಗಳಲ್ಲಿ ಓದಿದ ದಂಪತಿಗಳಲ್ಲಿಯೂ ಇಂತಹ ಅಪೇಕ್ಷೆ ಕಾಣಬರುತ್ತಿದೆ. ಆಸ್ಪತ್ರೆಯ ಗದ್ದಲ, ಗದರಿಕೆ, ಅನಗತ್ಯ ಶಸ್ತ್ರಚಿಕಿತ್ಸೆಯ ಭಯ ಇವೆಲ್ಲ ಅದರ ಹಿಂದಿರುವ ಕಾರಣಗಳು. ಅವನ್ನು ಹಗುರವಾಗಿ ಕಾಣಲಾಗದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಆಸ್ಪತ್ರೆಯ ಹೆರಿಗೆಯೇ ಕ್ಷೇಮವೆಂಬುದು ವೈದ್ಯರ ಸಲಹೆ. ಈ ಲೇಖನದ ಅಭಿಪ್ರಾಯವೂ ಅದೇ. ಆದರೆ ಮನೆಯಲ್ಲಿಯೇ ಹೆರಿಗೆಯಾಗಲೆಂದು ಬಯಸಿದವರಿಗೂ, ಮಳೆ, ದೂರ, ಅನಿರೀಕ್ಷಿತ ಬೇನೆಗಳಿಂದ ಮನೆಯಲ್ಲಿಯೇ ಉಳಿಯಬೇಕಾದವರಿಗೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮನೆಯಲ್ಲಿ ಆರಂಭವಾದ ಹೆರಿಗೆಯು ಆಸ್ಪತ್ರೆಯತ್ತ ಹೊರಳಬೇಕಾದ ಗಳಿಗೆ ಯಾವ ಮನೆಗಾದರೂ ಬರಬಹುದು. ಯಾವಾಗ ಹೊರಡಬೇಕು, ಎಲ್ಲಿಗೆ ಹೊರಡಬೇಕು, ಯಾರು ನಿರ್ಧರಿಸಬೇಕು ಎಂಬುದನ್ನು ಬೇನೆ ಬಂದ ಮೇಲೆ ಚರ್ಚಿಸುವುದಲ್ಲ. ಮನಸ್ಸು ಶಾಂತವಾಗಿರುವಾಗಲೇ ನಿಶ್ಚಯಿಸಿಡಬೇಕು.

ಸಿದ್ಧತೆಯಿದ್ದಲ್ಲಿಯೂ ಹೊರಡಬೇಕಾಗುತ್ತದೆ

‘ಬಸುರಿ ಆರೋಗ್ಯವಾಗಿದ್ದಾಳೆ, ಇನ್ನೇಕೆ ಭಯ?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಉತ್ತರವಿದೆ. ಯಾವ ತೊಡಕೂ ಇಲ್ಲವೆಂದು ಪರಿಗಣಿತರಾದ 64 ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಅದರಲ್ಲಿ ಗಮನಿಸಲಾಯಿತು. ಅಲ್ಲಿ ಮನೆಯ ಹೆರಿಗೆಗೆ ತರಬೇತಾದ ಶುಶ್ರೂಷಕಿಯರು ಬರುತ್ತಾರೆ, ಔಷಧಗಳಿರುತ್ತವೆ, ಕರೆದೊಡನೆ ಆಂಬುಲೆನ್ಸ್ ದೊರೆಯುತ್ತದೆ. ಹಾಗಿದ್ದರೂ ಮನೆಯಲ್ಲಿ ಹೆರಲು ಬಯಸಿದ ಚೊಚ್ಚಲ ಗರ್ಭಿಣಿಯರಲ್ಲಿ ನೂರಕ್ಕೆ 45 ಮಂದಿಯನ್ನು ಹೆರಿಗೆಯ ನಡುವೆ ಇಲ್ಲವೇ ಹೆರಿಗೆಯಾದೊಡನೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮೊದಲೇ ಹೆತ್ತವರಲ್ಲಿ ಈ ಪ್ರಮಾಣ ನೂರಕ್ಕೆ 12. ಬಹುಪಾಲು ಸಂದರ್ಭಗಳಲ್ಲಿ ಕಾರಣ ಮಹಾವಿಪತ್ತೇನೂ ಅಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಕಾರಣ ಹೆರಿಗೆಯು ಮುಂದುವರಿಯದೆ ನಿಧಾನವಾದುದು. ಚೊಚ್ಚಲ ಹೆರಿಗೆಗಳಲ್ಲಿ ಶಿಶುಗಳಿಗೆ ಗಂಭೀರ ತೊಂದರೆಯಾಗುವ ಸಂಭವವೂ ಮನೆಯಲ್ಲಿಯೇ ಹೆಚ್ಚಾಗಿತ್ತು.

ಎಲ್ಲ ಸೌಕರ್ಯಗಳಿರುವಲ್ಲಿಯೇ ಚೊಚ್ಚಲ ಗರ್ಭಿಣಿಯರ ಅರ್ಧದಷ್ಟು ಜನ ಹೊರಡಬೇಕಾಗುವುದಾದರೆ, ಹೊರಡುವ ಏರ್ಪಾಡಿಲ್ಲದ ಮನೆಯ ಹೆರಿಗೆಯನ್ನು ‘ಯೋಜಿತ’ವೆಂದು ಕರೆಯುವುದು ಹೇಗೆ? ಆಸ್ಪತ್ರೆಗೆ ಹೊರಡುವುದು ಸಂಕಲ್ಪದ ಸೋಲಲ್ಲ. ಅದು ಸಂಕಲ್ಪದ ಒಂದು ಅಂಗ.

ಗಳಿಗೆಗಳ ಲೆಕ್ಕ

ಇಲ್ಲಿ ಕಾಲವೇಕೆ ಅಷ್ಟು ಮುಖ್ಯವೆಂಬುದನ್ನು ದೇಹದ ರಚನೆಯೇ ಹೇಳುತ್ತದೆ. ತುಂಬು ಬಸುರಿನಲ್ಲಿ ಗರ್ಭಕೋಶಕ್ಕೆ ನಿಮಿಷವೊಂದಕ್ಕೆ ಅರ್ಧ ಲೀಟರಿಗೂ ಮೀರಿ ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಮಾಸು ಬಿದ್ದೊಡನೆ ಗರ್ಭಕೋಶವು ಮುಷ್ಟಿಯಂತೆ ಬಿಗಿದುಕೊಂಡು ಆ ರಕ್ತನಾಳಗಳನ್ನು ಮುಚ್ಚಬೇಕು. ಅದು ಬಿಗಿಯದೆ ಸಡಿಲವಾಗಿಯೇ ಉಳಿದರೆ, ಇಲ್ಲವೇ ಮಾಸಿನ ಚೂರು ಒಳಗೆ ಉಳಿದರೆ ರಕ್ತಸ್ರಾವ ನಿಲ್ಲುವುದಿಲ್ಲ. ತೀವ್ರ ಸ್ರಾವಕ್ಕೆ ಚಿಕಿತ್ಸೆ ದೊರೆಯದಿದ್ದರೆ ಸುಮಾರು ಎರಡು ಗಂಟೆಗಳಲ್ಲಿಯೇ ತಾಯಿಯ ಪ್ರಾಣ ಹೋಗಬಹುದು. ಬಸುರಿನಲ್ಲಿ ಯಾವ ತೊಡಕೂ ಕಾಣದಿದ್ದವಳಿಗೂ ಇದು ಬರಬಹುದೆಂಬುದೇ ಇದರ ಭೀಕರತೆ.

ಈ ವಿಷಯದಲ್ಲಿ ನಮ್ಮ ಬೆಳಗಾವಿಯಿಂದಲೇ ಜಗತ್ತಿಗೆ ಒಂದು ತಿಳಿವಳಿಕೆ ದೊರೆತಿದೆ. ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರು ವಿದೇಶೀ ಸಂಶೋಧಕರೊಡನೆ ಸೇರಿ, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗಳಲ್ಲಿಯೂ ಉಪಕೇಂದ್ರಗಳಲ್ಲಿಯೂ ಹೆತ್ತ 1620 ತಾಯಂದಿರನ್ನು ಅಧ್ಯಯನಕ್ಕೆ ಒಳಪಡಿಸಿದರು. ಮಗು ಹುಟ್ಟಿದೊಡನೆ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೋಸ್ಟಾಲ್ ಎಂಬ ಮಾತ್ರೆಯನ್ನು ತರಬೇತಾದ ಸಹಾಯಕ ಶುಶ್ರೂಷಕಿಯರು ನೀಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಾತ್ರೆಯಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರಿಗೆ ಮೀರಿದ ಸ್ರಾವವಾದರೆ, ಮಾತ್ರೆ ಪಡೆದವರಲ್ಲಿ ಅದು 6.4ಕ್ಕೆ ಇಳಿದಿತ್ತು. ಅಪಾಯ ಅರ್ಧದಷ್ಟಾಯಿತು, ಇಲ್ಲವಾಗಲಿಲ್ಲ. ಇದು ಮನೆಯವರು ಅಂಗಡಿಯಿಂದ ತಂದು ಕೊಡುವ ಮಾತ್ರೆಯಲ್ಲ. ಮಗು ಹುಟ್ಟುವ ಮೊದಲೇ ತಪ್ಪು ಪ್ರಮಾಣದಲ್ಲಿ ಕೊಟ್ಟರೆ ಗರ್ಭಕೋಶವೇ ಹರಿದೀತು. ಬೇನೆ ಹೆಚ್ಚಿಸಲೆಂದು ಮನೆಯಲ್ಲಿ ಚುಚ್ಚುಮದ್ದು ಹಾಕಿಸುವುದಕ್ಕೂ ಈ ಎಚ್ಚರಿಕೆ ಸಲ್ಲುತ್ತದೆ.

ಅದೇ ಬೆಳಗಾವಿಯ ಅಧ್ಯಯನಕ್ಕಾಗಿ, ತಾಯಿಯ ಕೆಳಗೆ ಹಾಸಿ ಸ್ರಾವವನ್ನು ಅಳೆಯುವ ಗೆರೆಗಳುಳ್ಳ ಪ್ಲಾಸ್ಟಿಕ್ ಹಾಸೊಂದನ್ನು ರೂಪಿಸಲಾಯಿತು. ಅದರಿಂದ ತಿಳಿದುಬಂದ ಸಂಗತಿ ಪ್ರತಿ ಮನೆಯೂ ನೆನಪಿಡತಕ್ಕದ್ದು: ಕಣ್ಣಂದಾಜಿನಲ್ಲಿ ಹೇಳಿದ ಪ್ರಮಾಣವು ಅಳತೆಗಿಂತ ಮೂರನೆಯ ಒಂದು ಪಾಲಿನಷ್ಟು ಕಡಿಮೆಯಿತ್ತು. ಸೀರೆ, ಗೋಣಿತಟ್ಟು, ನೆಲದ ಮಣ್ಣು ಹೀರಿದ ರಕ್ತವು ಕಣ್ಣನ್ನು ಮೋಸಗೊಳಿಸುತ್ತದೆ. ‘ಅಷ್ಟೇನೂ ಹೋಗಿಲ್ಲ’ ಎಂಬ ಮಾತನ್ನು ನಂಬಿ ಕುಳಿತಿರಬಾರದು.

ಮೂರು ವಿಳಂಬಗಳು

ತಾಯಂದಿರ ಮರಣಕ್ಕೆ ಕಾರಣವಾಗುವ ತಡವನ್ನು ಥಡ್ಡಿಯಸ್ ಮತ್ತು ಮೈನ್ ಎಂಬ ವಿದುಷಿಯರು 1994ರಲ್ಲಿ ಮೂರಾಗಿ ವಿಂಗಡಿಸಿದರು. ಹೊರಡಬೇಕೆಂದು ನಿರ್ಧರಿಸುವಲ್ಲಿನ ತಡ ಮೊದಲನೆಯದು. ಆಸ್ಪತ್ರೆಯನ್ನು ತಲುಪುವಲ್ಲಿನ ತಡ ಎರಡನೆಯದು. ತಲುಪಿದ ಮೇಲೆ ತಕ್ಕ ಚಿಕಿತ್ಸೆ ದೊರೆಯುವಲ್ಲಿನ ತಡ ಮೂರನೆಯದು.

ಇದು ನಮ್ಮ ಮನೆಗಳಲ್ಲಿ ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ಒಂದು ತೋಟದ ಮನೆಯನ್ನು ಕಲ್ಪಿಸಿಕೊಳ್ಳೋಣ. ಚೊಚ್ಚಲ ಬಸುರಿ ಕುಬುಸ ಮುಗಿಸಿಕೊಂಡು ತವರಿಗೆ ಬಂದಿದ್ದಾಳೆ. ನಸುಕಿನ ನಾಲ್ಕು ಗಂಟೆಗೆ ಹೆರಿಗೆಯಾಯಿತು, ಮಗು ಅತ್ತಿತು, ಮನೆಯವರೆಲ್ಲ ಕೈಮುಗಿದರು. ಅರ್ಧ ಗಂಟೆ ಕಳೆದರೂ ಮಾಸು ಬೀಳಲಿಲ್ಲ. ‘ಇನ್ನೊಂದಿಷ್ಟು ಹೊತ್ತು ನೋಡೋಣ’ ಎಂದಳು ಸೂಲಗಿತ್ತಿ. ‘ಅಳಿಯಂದಿರನ್ನು ಕೇಳದೆ ಹೇಗೆ ಕರೆದೊಯ್ಯುವುದು? ಬೀಗರು ನಾಳೆ ಏನಂದಾರು?’ ಎಂದರು ತಂದೆ. ‘ಬೆಳಕು ಹರಿಯಲಿ’ ಎಂದರು ಇನ್ನೊಬ್ಬರು. ಐದೂವರೆಗೆ ವಾಹನದ ಹುಡುಕಾಟ ತೊಡಗಿತು. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲಿ ರಕ್ತವಿಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋಗಿರೆಂದರು. ತಾಯಿ ಕಾರ್ಡ್ ಗಂಡನ ಮನೆಯಲ್ಲಿಯೇ ಉಳಿದಿತ್ತು. ಆಕೆಯ ರಕ್ತದ ಗುಂಪು ಯಾರಿಗೂ ತಿಳಿಯದು.

ಇಲ್ಲಿ ದುಷ್ಟರು ಯಾರೂ ಇಲ್ಲ. ಎಲ್ಲರೂ ಆ ಮಗಳನ್ನು ಪ್ರೀತಿಸುವವರೇ. ಆದರೂ ಎರಡು ಗಂಟೆಗಳ ಲೆಕ್ಕವು ಮಾತಿನಲ್ಲಿಯೇ ಕಳೆದುಹೋಯಿತು. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಸಂಪ್ರದಾಯ ಸೊಗಸಾದುದು. ಆದರೆ ನಿರ್ಧರಿಸುವ ಅಧಿಕಾರ ತವರಿನದೋ ಗಂಡನ ಮನೆಯದೋ ಎಂಬ ಸಂಕೋಚವನ್ನು ಅದರೊಡನೆ ಬೆಳೆಸಬಾರದು. ಏಳನೆಯ ತಿಂಗಳಲ್ಲಿ ಬೀಗರು ಸೇರಿದಾಗಲೇ, ಸೀರೆ ಕುಬುಸಗಳ ಮಾತಿನ ನಡುವೆ, ‘ತೊಂದರೆ ಕಂಡರೆ ಕೇಳುವ ಅಗತ್ಯವಿಲ್ಲ, ಕೂಡಲೇ ಕರೆದೊಯ್ಯಿರಿ’ ಎಂಬ ಒಂದು ಮಾತು ಆಗಿಬಿಡಲಿ. ಆ ಮಾತು ಯಾವ ಉಡುಗೊರೆಗಿಂತಲೂ ದೊಡ್ಡದು.

ಹೊರಡಲೇಬೇಕಾದ ಸೂಚನೆಗಳು

ಅವಳಿ ಮಕ್ಕಳು, ಅಡ್ಡಲಾಗಿರುವ ಇಲ್ಲವೇ ಕಾಲು ಕೆಳಗಾಗಿರುವ ಮಗು, ಹಿಂದಿನ ಸಿಸೇರಿಯನ್, ರಕ್ತದೊತ್ತಡ, ಸಕ್ಕರೆ ಕಾಯಿಲೆ, ತೀವ್ರ ರಕ್ತಹೀನತೆ ಇವುಗಳಲ್ಲಿ ಯಾವುದಿದ್ದರೂ ಮನೆಯ ಹೆರಿಗೆಯ ಯೋಚನೆಯನ್ನೇ ಮಾಡತಕ್ಕದ್ದಲ್ಲ. ಇವು ಯಾವುವೂ ಇಲ್ಲದವರೂ ಕೆಳಗಿನವುಗಳಲ್ಲಿ ಒಂದು ಕಂಡೊಡನೆ ಹೊರಡಬೇಕು:

• ಬಲವಾದ ಬೇನೆ ಕ್ರಮವಾಗಿ ಬರುತ್ತಿದ್ದು ಹನ್ನೆರಡು ಗಂಟೆ ಕಳೆದರೂ ಹೆರಿಗೆಯಾಗದಿರುವುದು. ಮೊದಲೇ ಹೆತ್ತವರಾದರೆ ಇಷ್ಟು ಹೊತ್ತೂ ಕಾಯಬಾರದು.
• ನೀರು ಒಡೆದು ಅದು ಹಸುರಾಗಿಯೋ ಕಂದಾಗಿಯೋ ಇರುವುದು. ದುರ್ವಾಸನೆ ಅಥವಾ ಜ್ವರ.
• ಮಗುವಿನ ತಲೆಯ ಬದಲು ಕೈ, ಕಾಲು ಅಥವಾ ಹೊಕ್ಕುಳಬಳ್ಳಿ ಹೊರಗೆ ಕಾಣಿಸಿಕೊಳ್ಳುವುದು.
• ಮಗು ಹುಟ್ಟುವ ಮೊದಲೇ ರಕ್ತಸ್ರಾವ.
• ತೀವ್ರ ತಲೆನೋವು, ಕಣ್ಣು ಮಂಜಾಗುವಿಕೆ, ಸೆಳವು. ಇದು ದೆವ್ವದ ಚೇಷ್ಟೆಯಲ್ಲ. ಗರ್ಭಿಣಿಯ ರಕ್ತದೊತ್ತಡ ಏರಿದುದರ ಫಲ.
• ಮಗು ಹುಟ್ಟಿ ಅರ್ಧ ಗಂಟೆಯಾದರೂ ಮಾಸು ಬೀಳದಿರುವುದು. ಬಿದ್ದರೂ ಸ್ರಾವ ನಿಲ್ಲದಿರುವುದು. ಬಾಣಂತಿಗೆ ತಲೆಸುತ್ತು, ತಣ್ಣನೆಯ ಬೆವರು.
• ಮಗು ಅಳದಿರುವುದು, ಉಸಿರಾಟಕ್ಕೆ ಕಷ್ಟಪಡುವುದು, ನೀಲಿಗಟ್ಟುವುದು.

ವಾಹನ ಬರುವವರೆಗೆ, ದಾರಿಯುದ್ದಕ್ಕೂ

ಮೊದಲು 108ಕ್ಕೆ ಕರೆ ಮಾಡಿ, ಅನಂತರ ಉಳಿದ ಕೆಲಸ. ಹೆರಿಗೆಯ ನಂತರ ಸ್ರಾವವಾಗುತ್ತಿದ್ದರೆ ಬಾಣಂತಿಯನ್ನು ಮಲಗಿಸಿ, ಬೆಚ್ಚಗೆ ಹೊದಿಸಿ, ಹೊಕ್ಕುಳ ಕೆಳಗಿನ ಗಡ್ಡೆಯಂತಹ ಗರ್ಭಕೋಶವು ಗಟ್ಟಿಯಾಗುವವರೆಗೆ ಅಂಗೈಯಿಂದ ಉಜ್ಜುತ್ತಿರಬೇಕು. ಸಾಧ್ಯವಾದರೆ ಮೂತ್ರವಿಸರ್ಜನೆ ಮಾಡಿಸಿ, ಮಗುವಿಗೆ ಮೊಲೆಯೂಡಿಸಿ. ಎರಡೂ ಗರ್ಭಕೋಶ ಬಿಗಿಯಲು ನೆರವಾಗುತ್ತವೆ. ಮಾಸನ್ನು ಬಳ್ಳಿ ಹಿಡಿದು ಎಳೆಯಬಾರದು, ಒಳಗೆ ಕೈಹಾಕಬಾರದು. ಬಿದ್ದ ಮಾಸನ್ನು ಹೂಳದೆ ಚೀಲದಲ್ಲಿಟ್ಟು ವೈದ್ಯರಿಗೆ ತೋರಿಸಬೇಕು. ಅದು ಪೂರ್ಣವಾಗಿದೆಯೋ ಇಲ್ಲವೋ ಎಂಬುದು ಅವರಿಗೆ ತಿಳಿಯಬೇಕು. ಹೊಕ್ಕುಳಬಳ್ಳಿ ಮೊದಲೇ ಹೊರಬಂದಿದ್ದರೆ ಅದನ್ನು ಒಳಗೆ ತಳ್ಳದೆ, ತಾಯಿಯನ್ನು ಮಂಡಿಯೂರಿಸಿ, ಎದೆ ನೆಲಕ್ಕೆ ತಾಗುವಂತೆ ಬಾಗಿಸಿ, ಸೊಂಟ ಮೇಲಿರುವಂತೆ ಇರಿಸಬೇಕು.

ಮಗುವನ್ನು ಒಣಬಟ್ಟೆಯಿಂದ ಒರೆಸಿ, ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ ಹೊದಿಸಬೇಕು. ತಾಯಿಯ ಮೈಬಿಸಿಯೇ ದಾರಿಯಲ್ಲಿ ಅದಕ್ಕೆ ರಕ್ಷೆ.

ಮೊದಲೇ ಬರೆದಿಡಿ

ಎಂಟನೆಯ ತಿಂಗಳೊಳಗೆ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು ಗೋಡೆಗೆ ಅಂಟಿಸಿ: ಆಶಾ ಕಾರ್ಯಕರ್ತೆಯ ಮತ್ತು ಶುಶ್ರೂಷಕಿಯ ದೂರವಾಣಿ, ರಾತ್ರಿಯಲ್ಲಿಯೂ ಶಸ್ತ್ರಚಿಕಿತ್ಸೆ, ಅರಿವಳಿಕೆ ವೈದ್ಯರು, ರಕ್ತ ಈ ಮೂರೂ ದೊರೆಯುವ ಆಸ್ಪತ್ರೆ ಯಾವುದು, ಎಷ್ಟು ದೂರ, 108 ಬಾರದಿದ್ದರೆ ಬರುವ ನೆರೆಮನೆಯ ವಾಹನ, ತಾಯಿಯ ರಕ್ತದ ಗುಂಪು, ರಕ್ತ ನೀಡಲು ಒಪ್ಪಿದ ಇಬ್ಬರು, ತಾಯಿ ಕಾರ್ಡ್ ಇರುವ ಸ್ಥಳ, ಹಿರಿಯ ಮಕ್ಕಳನ್ನು ನೋಡಿಕೊಳ್ಳುವವರು. ಹಣದ ಚಿಂತೆಯೂ ತಡಕ್ಕೆ ಕಾರಣವಾಗಬಾರದು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. ಮನೆಯಲ್ಲಿ ಹೆರಬೇಕೆನ್ನುವವರೂ ಅಲ್ಲಿಗೆ ಹೋಗಿ ತಮ್ಮ ಇಚ್ಛೆಯನ್ನು ಮುಚ್ಚಿಡದೆ ಹೇಳಬೇಕು.

ನಂಬಿಕೆಯು ತಡೆಯಾಗದಿರಲಿ

ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಅವುಗಳಲ್ಲಿ ಜನನಸೂತಕವೂ ಒಂದು. ಹೆರುವವಳನ್ನು ಕತ್ತಲೆಯ ಕೋಣೆಯಲ್ಲಿ ಒಂಟಿಯಾಗಿರಿಸುವುದು, ಗಂಡಸರು ಹತ್ತಿರ ಸುಳಿಯದಿರುವುದು ಆ ಹಾದಿಗೆ ಒಪ್ಪುವಂಥದಲ್ಲ. ರಕ್ತ ಹರಿಯುತ್ತಿರುವ ಮಗಳನ್ನು ತಂದೆ, ಗಂಡ, ಸೋದರ ಯಾರು ಬೇಕಾದರೂ ಎತ್ತಿಕೊಂಡು ಓಡಲಿ.

ಲಿಂಗಧಾರಿಗಳಾದ ತಾಯಂದಿರಿಗೆ ಇನ್ನೊಂದು ಅಳುಕು ಇರುವುದುಂಟು. ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋಗುವಾಗ ಕೊರಳಿನ ಶಿವದಾರ, ಕರಡಿಗೆಗಳನ್ನು ತೆಗೆಯಲು ಹೇಳುತ್ತಾರೆ. ಅಂಗದಿಂದ ಲಿಂಗ ಅಗಲುವುದೇ ಎಂಬ ನೋವು ಅದು. ಈ ಬಗ್ಗೆ ಮೊದಲೇ ವೈದ್ಯರೊಡನೆಯೂ ಗುರುಗಳೊಡನೆಯೂ ಮಾತನಾಡಿರಬೇಕು. ತುರ್ತಿನ ಗಳಿಗೆಯಲ್ಲಿ ಮನೆಯ ಲಿಂಗಧಾರಿ ಹಿರಿಯರೊಬ್ಬರು ಅದನ್ನು ಭಕ್ತಿಯಿಂದ ಕೈಗೆ ತೆಗೆದುಕೊಂಡು, ಆಕೆ ಹೊರಬಂದೊಡನೆ ಮರಳಿಸಲಿ. ಗರ್ಭದಲ್ಲಿರುವಾಗಲೇ ಶಿಶುವಿಗೆ ಲಿಂಗಸಂಸ್ಕಾರ ನೀಡುವ ಪರಂಪರೆ ನಮ್ಮದು. ಹುಟ್ಟುವ ಮೊದಲೇ ಜೀವವನ್ನು ಇಷ್ಟು ಗೌರವಿಸಿದವರು ಅದನ್ನು ಉಳಿಸುವ ಗಳಿಗೆಯಲ್ಲಿ ಹಿಂಜರಿಯಬಾರದು.

ಆಸ್ಪತ್ರೆಗಳವರಿಗೂ ಒಂದು ಬಿನ್ನಹವಿದೆ. ಹೆರಿಗೆ ಕೋಣೆಯಲ್ಲಿ ತಾಯಿಗೆ ಗೌರವ ದೊರೆಯಬೇಕು, ಆಕೆಯ ಇಚ್ಛೆಯ ಸಂಗಾತಿಯೊಬ್ಬರು ಜೊತೆಗಿರಬೇಕು ಎಂಬುದು 2017ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮದ ಆಶಯವೇ ಆಗಿದೆ. ಮನೆಯಿಂದ ಧಾವಿಸಿ ಬಂದವರನ್ನು ‘ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ?’ ಎಂದು ಗದರಿದರೆ, ಮುಂದಿನ ಬಾರಿ ಆ ಊರಿನ ಇನ್ನೊಂದು ಮನೆ ಇನ್ನಷ್ಟು ತಡಮಾಡುತ್ತದೆ. ಬಂದವರನ್ನು ಒಳಗೆ ಕರೆದುಕೊಳ್ಳುವ ಮಾತೇ ಚಿಕಿತ್ಸೆಯ ಮೊದಲ ಮೆಟ್ಟಿಲು.

ಭಕ್ತರಲ್ಲಿ ಕೇಳಿಕೊಳ್ಳುವುದಿಷ್ಟೆ: ನಿಮ್ಮ ಮನೆಯಲ್ಲಿ, ಓಣಿಯಲ್ಲಿ ತುಂಬು ಬಸುರಿಯಿದ್ದರೆ ಈ ವಾರವೇ ಆ ಹಾಳೆಯನ್ನು ಬರೆಯಿರಿ. ವಾಹನವಿರುವವರು ‘ಯಾವ ಹೊತ್ತಿನಲ್ಲಾದರೂ ಕರೆಯಿರಿ’ ಎಂದು ಹೇಳಿಬನ್ನಿ. ಅದೂ ಒಂದು ದಾಸೋಹವೇ.