ಫಾರಿನ್ ಇಂಗ್ಲಿಷ್ ಮೇಷ್ಟ್ರು: ನಮ್ಮೂರ ನಂಬಿಕೆ, ಅಲ್ಲಿನ ದಿನಚರಿ

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಬಿ.ಇಡಿ. ಮುಗಿಸಿದ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದ ಶಾಲೆಯಲ್ಲಿ ನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ಬಂದವನು ನಾನು. ಜಗಲಿಯ ಮೇಲೆ ಕೂತವರೇ ಕೇಳುವ ಮೊದಲ ಮಾತು ಒಂದೇ: "ಸಾರ್, ನಮ್ಮ ಇಂಗ್ಲಿಷು ಅಲ್ಲಿ ನಡೀತದಾ?"

ಬಿಳಿಯರ ಹಾಗೆ ನಾಲಗೆ ತಿರುಗದವರಿಗೆ ಹೊರದೇಶದಲ್ಲಿ ಇಂಗ್ಲಿಷ್ ಮೇಷ್ಟ್ರ ಕೆಲಸ ಸಿಗದು ಎಂಬ ನಂಬಿಕೆ ಈ ಪ್ರಶ್ನೆಯ ಬೆನ್ನಿಗಿದೆ. ಕೆಲವು ಬಾಗಿಲುಗಳು ನಮಗೆ ಮುಚ್ಚಿರುವುದು ನಿಜ. ಆದರೆ ಅಲ್ಲಿ ಅಡ್ಡ ಬರುವುದು ನಾಲಗೆಯಲ್ಲ, ಪಾಸ್‌ಪೋರ್ಟು. ದಕ್ಷಿಣ ಕೊರಿಯಾದ ಸರ್ಕಾರಿ ಶಾಲೆಗಳು ಇಂಗ್ಲಿಷ್ ಕಲಿಸಲು ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ ಏಳು ದೇಶದವರನ್ನು ಕರೆಯುತ್ತವೆ. ಅಲ್ಲಿಗೂ 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದ, ಶಿಕ್ಷಕ ಅರ್ಹತೆ ಇರುವ ಭಾರತೀಯರಿಗೆ ಸಹಾಯಕ ಶಿಕ್ಷಕರಾಗಿ ಹೋಗಲು ಒಂದು ಕಿಂಡಿ ಬಿಟ್ಟಿದೆ. ಭೂತಾನಿನ ಶಾಲೆಗಳಲ್ಲಿ 1960ರ ದಶಕದಿಂದಲೇ ಭಾರತದ ಮೇಷ್ಟ್ರುಗಳು ಪಾಠ ಮಾಡಿದ್ದಾರೆ. ಕೊಲ್ಲಿ ದೇಶಗಳಲ್ಲಿ ಸಿ.ಬಿ.ಎಸ್‌.ಇ. ಶಾಲೆಗಳಿವೆ. ಮಾಲ್ಡೀವ್ಸ್‌ನಲ್ಲಂತೂ ದಿವೇಹಿ ಭಾಷೆ ಮತ್ತು ಇಸ್ಲಾಂ ಪಾಠ ಬಿಟ್ಟರೆ ಹೆಚ್ಚಿನ ವಿಷಯಗಳು ಇಂಗ್ಲಿಷಿನಲ್ಲೇ. ಇಲ್ಲೆಲ್ಲ ಪದವಿ, ಬಿ.ಇಡಿ., ಅನುಭವ ಕೇಳುತ್ತಾರೆ. ಮಾತು ಸ್ಪಷ್ಟವಾಗಿದ್ದರೆ ಸಾಕು.

ಇನ್ನೊಂದು ಕಲ್ಪನೆ: ಫಾರಿನ್ ಮಕ್ಕಳಿಗೆ ಇಂಗ್ಲಿಷ್ ಆಗಲೇ ಬರುತ್ತದೆ, ಹೋಗಿ ತಿದ್ದಿದರೆ ಮುಗಿಯಿತು ಅಂತ. ನನ್ನ ತರಗತಿಯಲ್ಲಿದ್ದವರು ಮೀನುಗಾರರ ಮಕ್ಕಳು, ರೆಸಾರ್ಟ್ ಕೆಲಸಗಾರರ ಮಕ್ಕಳು. ಮನೆಯಲ್ಲಿ ದಿವೇಹಿ. ಅದರ ತಾನಾ ಲಿಪಿ ಬಲದಿಂದ ಎಡಕ್ಕೆ ಓಡುತ್ತದೆ. ಒಂದು ಪೀರಿಯಡ್‌ನಲ್ಲಿ ನೋಟ್‌ಬುಕ್ಕನ್ನು ಬಲದಿಂದ ತೆರೆದು ಬರೆದ ಮಗು, ಗಂಟೆ ಹೊಡೆದ ಮೇಲೆ ನನ್ನ ಪುಸ್ತಕವನ್ನು ಎಡದಿಂದ ತೆರೆಯಬೇಕು. ಮೂರನೇ ತರಗತಿಯ ಒಬ್ಬಳು ಒಂದಿಡೀ ತಿಂಗಳು ನನ್ನ ನೋಟ್‌ಬುಕ್ಕನ್ನು ಕೊನೆಯ ಹಾಳೆಯಿಂದಲೇ ಶುರುಮಾಡುತ್ತಿದ್ದಳು. ತಪ್ಪೆಂದು ಕೆಂಪು ಗೆರೆ ಎಳೆಯಲು ನನಗೆ ಮನಸ್ಸಾಗಲಿಲ್ಲ.

ಹೆಚ್ಚು ನೆರವಾದದ್ದು ಕನ್ನಡ. ಅಲ್ಲಿ ನೀರಿಗೆ 'ಫೆನ್' ಅನ್ನುತ್ತಾರೆ. ಮೂಲ ಸಂಸ್ಕೃತದ ಪಾನೀಯ. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲಾದಂತೆ, ಅವರ ಭಾಷೆಯಲ್ಲಿ 'ಪ' ಸವೆದು 'ಫ' ಆಗಿದೆ. ಮಕ್ಕಳು ಆ ಎರಡು ದನಿಗಳನ್ನು ಅದಲುಬದಲು ಮಾಡಿದಾಗ ಅದು ದಡ್ಡತನವಲ್ಲ, ಭಾಷೆಯ ಜಾಡು ಎಂದು ನನಗೆ ಹೊಳೆಯುತ್ತಿತ್ತು. ಗುಂಡ್ಲುಪೇಟೆಯ ತರಗತಿಯಲ್ಲಿ ತಮಿಳು, ಮಲಯಾಳ, ಉರ್ದು, ಸೋಲಿಗ ನುಡಿಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂತದ್ದನ್ನು ಕಂಡ ಮೇಷ್ಟ್ರಿಗೆ ಇದು ಹೊಸದೇನಲ್ಲ.

"ನಮ್ಮ ಕಡೆಯ ಬೋಧನಾ ಕ್ರಮವೇ ಹಳತು, ಅಲ್ಲಿ ಯಾರೂ ಕೇಳಲ್ಲ" ಅನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. 1979ರಿಂದ 1984ರವರೆಗೆ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್‌.ಎಸ್‌. ಪ್ರಭು ಅವರು ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣ ಉರುಹೊಡೆಸದೆ, ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಮಕ್ಕಳ ಮುಂದಿಟ್ಟು ಸಮಸ್ಯೆ ಬಿಡಿಸಲು ಹೇಳುವುದು. ಬಿಡಿಸುತ್ತ ಬಿಡಿಸುತ್ತ ಭಾಷೆ ಬರುತ್ತದೆ ಎಂಬ ನಂಬಿಕೆ ಅದು. ಜಗತ್ತಿನಾದ್ಯಂತ ಶಿಕ್ಷಕ ತರಬೇತಿಯ ಪುಸ್ತಕಗಳಲ್ಲಿ ಅದು 'ಬೆಂಗಳೂರು ಪ್ರಾಜೆಕ್ಟ್' ಎಂದೇ ಹೆಸರಾಗಿದೆ. ಪ್ರಭು ಅವರು ಮುಂದೆ ಸಿಂಗಪುರದ ವಿಶ್ವವಿದ್ಯಾಲಯದಲ್ಲಿ ಕಲಿಸಿದರು.

ನಾನೂ ಅದನ್ನೇ ಮಾಡಿದೆ. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ, ಆನೆ ಹುಲಿಗಳು ನೆಮ್ಮದಿಯಾಗಿ ದಾಟಲಿ ಅಂತ, ಎಂದು ಹೇಳಿ ಬೋರ್ಡಿನ ಮೇಲೆ ಆ ರಸ್ತೆಯ ಮದ್ದೂರು ಗೇಟು ಬರೆದೆ. ಟೊಮೆಟೊ ತುಂಬಿದ ಲಾರಿ ಮೈಸೂರಿನಿಂದ ಏಳೂವರೆಗೆ ಹೊರಟರೆ ಗೇಟು ಸಿಗುತ್ತದಾ? ಆನೆ ಕಂಡೇ ಇರದ ಆ ಮಕ್ಕಳು ಅರ್ಧ ಗಂಟೆ ಇಂಗ್ಲಿಷಿನಲ್ಲಿ ಜಗಳವಾಡಿದರು. ನಾಲ್ಕು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಪಾಠ ನಾನು ಮಾಡಿಲ್ಲ.

ಸಂಬಳದ ವಿಚಾರ. ಅದನ್ನು ನೇರ ರೂಪಾಯಿಗೆ ಗುಣಿಸಿ ಊರವರು ಮನೆ ಕಟ್ಟಿಯೇಬಿಡುತ್ತಾರೆ. ಕೈಗೆ ಬರುವುದು ಅಲ್ಲಿನ ಹಣ, ರುಫಿಯಾ. ಡಾಲರ್ ಕೊರತೆಯಾದಾಗ ಹೊರದೇಶಕ್ಕೆ ಕಳಿಸುವ ಹಣಕ್ಕೆ ಬ್ಯಾಂಕುಗಳು ಮಿತಿ ಹಾಕುತ್ತವೆ. ಭಾರತೀಯ ಸ್ಟೇಟ್ ಬ್ಯಾಂಕ್ ಅಲ್ಲಿನ ರಾಜಧಾನಿ ಮಾಲೆಯಲ್ಲಿ 1974ರಿಂದ ಇದೆ, ಆದರೂ ಈ ಮಿತಿ ತಪ್ಪದು. ಈರುಳ್ಳಿ, ಆಲೂಗಡ್ಡೆ ಕೂಡ ಹಡಗಿನಲ್ಲಿ ಬರಬೇಕಾದ ಜಾಗದಲ್ಲಿ ಅಡುಗೆಮನೆಯ ಖರ್ಚೂ ಹೆಚ್ಚು. ಮನೆ ಬಾಡಿಗೆ ಯಾರು ಕೊಡುತ್ತಾರೆ, ವರ್ಷಕ್ಕೊಂದು ವಿಮಾನದ ಟಿಕೆಟ್ ಉಂಟೇ ಎಂಬುದು ಕರಾರಿನಲ್ಲಿ ಬರೆದಿರಬೇಕು.

ಹೊರಡುವ ಮುನ್ನ ತಿಳಿಯಬೇಕಾದದ್ದು ಇನ್ನೊಂದು: ಪೂಜೆಯ ವಿಗ್ರಹಗಳನ್ನು ಮಾಲ್ಡೀವ್ಸ್ ದೇಶದೊಳಗೆ ಒಯ್ಯುವುದಕ್ಕೆ ನಿಷೇಧವಿದೆ. ಅವ್ವ ಬಟ್ಟೆಯ ನಡುವೆ ಸುತ್ತಿಟ್ಟ ಹಿತ್ತಾಳೆಯ ಪುಟ್ಟ ಗೋಪಾಲಸ್ವಾಮಿಯನ್ನು ಹೊರಡುವ ಹಿಂದಿನ ದಿನ ಹೊರತೆಗೆದು ಗೂಡಿನಲ್ಲಿಟ್ಟೆ. ಅವಳು ಏನೂ ಹೇಳದೆ ಒಳಗೆ ಹೋದಳು.

ಎಲ್ಲಕ್ಕಿಂತ ಅಪಾಯದ ನಂಬಿಕೆ ಏಜೆಂಟನ ಕುರಿತದ್ದು. "ಓದಿದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಬೇಡ, ಹಾಗಾಗಿ ಯಾವ ಏಜೆಂಟಾದರೂ ಸರಿ." ಮೊದಲ ಮಾತು ನಿಜ, ಎರಡನೆಯದು ಸುಳ್ಳು. 1983ರ ವಲಸೆ ಕಾಯ್ದೆಯಂತೆ ಹೊರದೇಶದ ಕೆಲಸಕ್ಕೆ ಜನ ಸೇರಿಸುವ ಏಜೆಂಟನಿಗೆ ಕೇಂದ್ರ ಸರ್ಕಾರದ ನೋಂದಣಿ ಇರಲೇಬೇಕು. ಅವನು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜೊತೆಗೆ ಜಿ.ಎಸ್‌.ಟಿ. "ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಾಯಿಸೋಣ" ಅಂದರೆ ಅಲ್ಲಿಂದ ಎದ್ದು ಬನ್ನಿ. ನಾನು ಮೊದಲ ಸಲ ಎದ್ದು ಬರಲಿಲ್ಲ. ಅಪ್ಪ ಅರಿಸಿನ ಮಾರಿದ ದುಡ್ಡು ಹೋಯಿತು, ಕೆಲಸವೂ ಸಿಗಲಿಲ್ಲ.

ಅದಕ್ಕೇ ಈಗ ಯಾರು ಬಂದರೂ ಉಚ್ಚಾರಣೆಯ ಮಾತಿಗೆ ಮುಂಚೆ ಫೋನಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇರುವ ಸರ್ಕಾರದ ಇ–ಮೈಗ್ರೇಟ್ ತಾಣ ತೆರೆಸುತ್ತೇನೆ. ಮೊನ್ನೆ ತೆರಕಣಾಂಬಿ ಕಡೆಯಿಂದ ಅಪ್ಪನ ಜೊತೆ ಬಂದ ಹುಡುಗಿ ತನ್ನ ಏಜೆಂಟನ ಹೆಸರು ಹಾಕಿ ಹುಡುಕಿದಳು. ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ. ಅವರು ದುಡ್ಡು ಕಟ್ಟಬೇಕಿದ್ದದ್ದು ಮರುದಿನ.